ನಾರ್ದರ್ ಬೀಸಿದ ಮಾರನೇ ದಿನ ಬಾಸ್ ಮೀನು ಎಲ್ಲಿರುತ್ತದೆ?

ಫೆಬ್ರವರಿ ಅರ್ಧ ಕಳೆಯುತ್ತಿದ್ದಂತೆ ಟೆಕ್ಸಸ್‌ನ ಡಾಲಸ್ ಸುತ್ತಮುತ್ತಲಿನ ಕನ್ನಡಿಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ: ನಾರ್ದರ್, ಅಂದರೆ ಉತ್ತರದಿಂದ ದಿಢೀರನೆ ನುಗ್ಗುವ ಚಳಿಗಾಳಿ, ಬೀಸಿದ ಮೇಲೆ ಬಾಸ್ ಎಲ್ಲಿ ಹೋಗುತ್ತದೆ? ಪ್ರತಿ ವರ್ಷ ಹೇಳಿದ್ದೇ ಹೇಳಿ ಸಾಕಾಗಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಗಂಟು ಹಾಕುವುದು, ರೀಲ್ ಸುತ್ತುವುದು ಎಲ್ಲ ನಿಮಗೆ ಗೊತ್ತು ಅಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಶನಿವಾರ ಲೂಯಿಸ್‌ವಿಲ್ ಲೇಕ್‌ನಲ್ಲಿ 75 ಡಿಗ್ರಿ (ಇಲ್ಲಿ ಎಲ್ಲವೂ ಫ್ಯಾರನ್‌ಹೀಟ್), ಮೋಡ. ದಡದ ಹತ್ತಿರವೇ ಬಾಸ್ ಕಚ್ಚುತ್ತಿತ್ತು. ರಾತ್ರಿ ನಾರ್ದರ್ ಬಂತು. ಭಾನುವಾರ ಬೆಳಗಿನ ಜಾವವೇ ಅದೇ ಜಾಗಕ್ಕೆ ಹೋದೆ. ಒಳ್ಳೆ ಬಿಸಿಲು, ಆದರೆ ಮಧ್ಯಾಹ್ನದವರೆಗೆ ಒಂದೂ ಕಚ್ಚಲಿಲ್ಲ. ಮೀನೆಲ್ಲ ಆಳಕ್ಕೆ ಹೋದವಾ?

ಇಲ್ಲ. ನೀವು ಬೇಗ ಎದ್ದಿರಿ, ಅಷ್ಟೇ.

ಫೋನಿನಲ್ಲಿ ಹವಾಮಾನ ನೋಡುವುದು ಬಿಟ್ಟು ನೀರಿಗೆ ಥರ್ಮಾಮೀಟರ್ ಇಳಿಸಿ. ನೀರು 50 ಡಿಗ್ರಿ ಮುಟ್ಟುವ ಹೊತ್ತಿಗೆ ಬಾಸ್ ಆಳದಿಂದ ದಡದ ಕಡೆ ಸರಿಯತೊಡಗುತ್ತದೆ. 60 ದಾಟಿದ ಮೇಲೆ ಗಂಡು ಗೂಡು ಮಾಡುತ್ತದೆ. ಈ ನಡುವಿನ ವಾರಗಳಲ್ಲಿ ಮೊಟ್ಟೆ ತುಂಬಿದ ಹೆಣ್ಣುಗಳ ತೂಕ ವರ್ಷದಲ್ಲೇ ಹೆಚ್ಚು. 13 ಪೌಂಡ್ ದಾಟಿದ ಬಾಸ್‌ಗಳನ್ನು ಟೆಕ್ಸಸ್ ಸರ್ಕಾರ ಮರಿ ಮಾಡಿಸಲು ಜನವರಿಯಿಂದ ಮಾರ್ಚ್ ಕೊನೆಯವರೆಗೆ ಜೀವಂತ ತೆಗೆದುಕೊಳ್ಳುವುದೂ ಇದಕ್ಕೇ. ಇಷ್ಟು ದೂರ ಬಂದ ಮೀನು ಒಂದು ರಾತ್ರಿಯ ಚಳಿಗೆ ಹೆದರಿ ಕೆರೆಯ ನಡುವಿಗೆ ವಾಪಸ್ ಹೋಗುವುದಿಲ್ಲ. ಹತ್ತಿರದಲ್ಲೇ ನೆಲ ಇಳಿಜಾರಾಗುವ ಅಂಚಿಗೆ, ಮುಳುಗಿದ ಮರದ ಬುಡಕ್ಕೆ, ಡಾಕ್ (ದೋಣಿಕಟ್ಟೆ) ಕೆಳಗೆ ಸರಿದು ಅಂಟಿಕೊಂಡು ಕೂರುತ್ತದೆ.

ಗಾಳಿ ಒಂದೇ ರಾತ್ರಿಗೆ 35 ಡಿಗ್ರಿ ಇಳಿದರೂ ನೀರು ಅಷ್ಟು ಇಳಿಯುವುದಿಲ್ಲ. ಆದರೆ ಮೊಣಕಾಲುದ್ದದ ನೀರು ಬೇಗ ತಣ್ಣಗಾಗುತ್ತದೆ, ನೀವು ನಿಂತದ್ದು ಸರಿಯಾಗಿ ಅಲ್ಲೇ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಹಿಂದಿನ ದಿನ ಬೇಟೆಯನ್ನು ಅಟ್ಟಿಸಿಕೊಂಡು ಬಂದ ಮೀನು ಈಗ ಅದು ಮೂತಿಯ ಮುಂದೆ ಬಂದರೆ ಮಾತ್ರ ಬಾಯಿ ತೆರೆಯುತ್ತದೆ.

ಹಾಗಾಗಿ ಬೆಳಗಿನ ಜಾವ ಮಲಗಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೋಗಿ, ಕೆರೆಯ ಉತ್ತರ ದಂಡೆಗೇ ಹೋಗಿ. ದಕ್ಷಿಣದ ಬಿಸಿಲು ದಿನವಿಡೀ ಅಲ್ಲಿಗೆ ಬೀಳುತ್ತದೆ, ನಾರ್ದರ್ ಗಾಳಿಗೆ ದಂಡೆಯೇ ಅಡ್ಡ. ಸೇತುವೆ ಪಕ್ಕ, ಡ್ಯಾಮ್ ಮೇಲೆ ಸುರಿದ ಕಲ್ಲುರಾಶಿ ಇನ್ನೂ ಒಳ್ಳೆಯದು, ಕಲ್ಲು ಬಿಸಿ ಹಿಡಿದಿಡುತ್ತದೆ. ಸಣ್ಣ ಜಿಗ್ (ಭಾರದ ತಲೆಯಿರುವ ಗಾಳ) ಕಟ್ಟಿ ತಳದಲ್ಲಿ ಎಳೆಯಿರಿ. ಇಲ್ಲವೇ ನೀರಿನ ಮಧ್ಯೆ ಹಾಗೇ ನಿಲ್ಲುವ ಜರ್ಕ್‌ಬೈಟ್ (ಸಣ್ಣ ಮೀನಿನಂಥ ಹುಸಿ ಬೇಟೆ) ಹಾಕಿ ಎರಡು ಸಲ ಜಗ್ಗಿ, ಹತ್ತು ಹದಿನೈದು ಸೆಕೆಂಡ್ ಸುಮ್ನೆ ಬಿಡಿ. ಬಹಳ ಜನರಿಗೆ ಈ ಹದಿನೈದು ಸೆಕೆಂಡ್ ತಾಳ್ಮೆಯೇ ಇರುವುದಿಲ್ಲ. ಕಚ್ಚಿದಾಗ ಟಕ್ ಅನ್ನುವುದಿಲ್ಲ. ಲೈನ್ ಸ್ವಲ್ಪ ಭಾರವಾಗುತ್ತದೆ, ಒದ್ದೆ ಎಲೆ ಸಿಕ್ಕಿಕೊಂಡ ಹಾಗೆ. ಆಗಲೇ ರಾಡ್ ಎತ್ತಿ.

ಇನ್ನೊಂದು ಮಾತು. ನಾರ್ದರ್ ಬರುವ ದಿನ ಮೀನು ಚೆನ್ನಾಗಿ ಕಚ್ಚುತ್ತದೆ ಅಂತ ದೋಣಿ ತೆಗೆದುಕೊಂಡು ಹೋಗುವವರಿದ್ದಾರೆ. ಕಚ್ಚುವುದು ನಿಜ. ನಾನು ಮಾತ್ರ ಆ ದಿನ ದಡ ಬಿಟ್ಟು ಕದಲುವುದಿಲ್ಲ. ಗಾಳಿ ಕೆಲವೇ ನಿಮಿಷದಲ್ಲಿ ದಿಕ್ಕು ಬದಲಿಸುತ್ತದೆ. 50 ಡಿಗ್ರಿ ನೀರಿಗೆ ಬಿದ್ದರೆ ಮೊದಲು ಹೋಗುವುದು ಉಸಿರಿನ ಹಿಡಿತ, ಆಮೇಲೆ ಕೈಕಾಲು. ಈಜು ಬರುತ್ತದೆ ಅನ್ನುವ ಜಂಬ ಅಲ್ಲಿ ನಡೆಯುವುದಿಲ್ಲ. ಲೈಫ್ ಜಾಕೆಟ್ ಇರುವುದು ಮೈಮೇಲೆ ಹಾಕಲು, ಸೀಟಿನ ಕೆಳಗೆ ಇಡಲು ಅಲ್ಲ.

ಪ್ರಶ್ನೆ: ಗಾಳಿಯ ಒತ್ತಡ ಹೆಚ್ಚಾದರೆ ಮೀನಿಗೆ ಹೊಟ್ಟೆ ಹಿಂಡಿದಂತಾಗಿ ಕಚ್ಚುವುದಿಲ್ಲವಂತೆ. ಬ್ಯಾರೋಮೀಟರ್ ಆ್ಯಪ್‌ಗೆ ದುಡ್ಡು ಕೊಡಬಹುದಾ?

ಕೊಡಬೇಡಿ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಇಡೀ ವಾಯುಮಂಡಲದಷ್ಟು ಏರುತ್ತದೆ. ನಾರ್ದರ್‌ನಂಥ ಒಂದು ಫ್ರಂಟ್ (ಹವೆ ಬದಲಿಸುವ ಗಾಳಿಯ ಅಂಚು) ಬಂದು ಹೋದಾಗ ಆಗುವ 20 ಮಿಲಿಬಾರ್ ವ್ಯತ್ಯಾಸ ಅಂದರೆ ಒಂದು ಗೇಣು ನೀರು. ಮೀನು ಅಷ್ಟನ್ನು ಬಾಲ ಒಂದು ಸಲ ಆಡಿಸಿ ಮೇಲೆ ಕೆಳಗೆ ಮಾಡಿಕೊಳ್ಳುತ್ತದೆ. ಬದಲಾಗುವುದು ಬೆಳಕು, ಗಾಳಿ, ನೀರಿನ ಬಿಸಿ. ಅವನ್ನು ಕಣ್ಣಿಂದಲೇ, ಕೈಯಿಂದಲೇ ನೋಡಬಹುದು, ಪುಕ್ಕಟೆ.

ಪ್ರಶ್ನೆ: ಹುಣ್ಣಿಮೆ ನೋಡಿ ಮೀನು ಕಚ್ಚುವ ಗಳಿಗೆ ಹೇಳುವ ಕ್ಯಾಲೆಂಡರ್?

ಗಳಿಗೆ ನೋಡುವುದು ಮದುವೆಗಿರಲಿ.

ಪ್ರಶ್ನೆ: ಲೂರ್‌ಗೆ (ಹುಸಿ ಬೇಟೆಗೆ) ಹಚ್ಚುವ "ಗ್ಯಾರಂಟಿ" ಎಣ್ಣೆ?

ಮಾರುವವರಿಗೆ ಗ್ಯಾರಂಟಿ ಲಾಭ.

ಪ್ರಶ್ನೆ: 12 ವರ್ಷದ ಮಗನಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಕಾ?

ಟೆಕ್ಸಸ್‌ನಲ್ಲಿ 17 ತುಂಬುವವರೆಗೆ ಬೇಡ. ನಿಮಗೆ ಬೇಕು. ಸ್ಟೇಟ್ ಪಾರ್ಕ್ ಒಳಗೆ ಹಿಡಿದರೆ ನಿಮಗೂ ಬೇಡ.

ಪ್ರಶ್ನೆ: ಲೇಕ್ ಫೋರ್ಕ್‌ನಲ್ಲಿ 18 ಇಂಚಿನ ಬಾಸ್ ಸಿಕ್ಕಿತು. ಸಾರು ಮಾಡಬಹುದಾ?

ಅಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ. ಈ ಪ್ರಶ್ನೆಯನ್ನು ಸಾರು ಕುದಿಯುವ ಮೊದಲೇ ಕೇಳಿದ್ದೀರಿ ಅಂದುಕೊಳ್ಳುತ್ತೇನೆ.