ತೆಗೆದ್ರು ಅನ್ನೋ ಮೊದಲು ಅಲ್ಲಿತ್ತಾ ಅಂತ ನೋಡಿ

ನಮಸ್ಕಾರ,

ಹೊಸ ಬೈಬಲ್ ಅನುವಾದಗಳನ್ನ ನಂಬಬಹುದಾ ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಒಂದು ಸಾಲಲ್ಲಿ ಬೇಡ ಅಂದು ಕೈತೊಳ್ಕೊಳ್ಳೋ ಬರಹನೂ ಇದಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ವಾದ ಇಷ್ಟು: 1611ರ ಇಂಗ್ಲಿಷ್ ಅನುವಾದ ಕಿಂಗ್ ಜೇಮ್ಸ್ ಬೈಬಲ್ ಒಂದೇ ಸರಿ, ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಶನ್) ಥರದ ಹೊಸ ಇಂಗ್ಲಿಷ್ ಅನುವಾದಗಳು ಬೇಕಂತಲೇ ವಾಕ್ಯಗಳನ್ನ ಕಿತ್ತು ಹಾಕಿವೆ. ಸಾಕ್ಷಿಗೆ ವಾಟ್ಸಾಪಲ್ಲಿ ಓಡಾಡೋ ಪಟ್ಟಿನ ಇದ್ದ ಹಾಗೇ ಇಳಿಸಿದ್ದೀರಿ, ಮತ್ತಾಯ 17:21, ಅಪೊಸ್ತಲರ ಕೃತ್ಯಗಳು 8:37, ಹೀಗೆ. ಪಟ್ಟಿ ಸುಳ್ಳಲ್ಲ. ಎನ್‌ಐವಿಲಿ ಅಪೊಸ್ತಲರ ಕೃತ್ಯಗಳ ಎಂಟನೇ ಅಧ್ಯಾಯ ತೆರೆದ್ರೆ 36ನೇ ವಾಕ್ಯ ಆದ್ಮೇಲೆ ಸೀದಾ 38 ಬರುತ್ತೆ. ಆದ್ರೆ ಅಡಿಟಿಪ್ಪಣಿ ನೋಡಿ, ಕೆಲವು ಹಸ್ತಪ್ರತಿಗಳಲ್ಲಿ ಹೀಗೂ ಇದೆ ಅಂತ ಆ ಮಾತನ್ನ ಪೂರ್ತಿ ಕೊಟ್ಟಿದ್ದಾರೆ. ಬಚ್ಚಿಡಬೇಕು ಅಂದ್ಕೊಂಡೋರು ಹಾಗೆ ಬರೆದಿಡಲ್ಲ. ನೀವು ಆ ಪುಟ ತೆರೆದು ನೋಡಿಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲೇ, ಓದುಗರಿಗೂ ಅನ್ಸುತ್ತೆ, ಒಂದು ಸಲ ಹಾಗನ್ನಿಸಿದ್ರೆ ಮುಂದೆ ನೀವು ಎಷ್ಟೇ ನಿಜ ಹೇಳಿದ್ರೂ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ.

"ತೆಗೆದ್ರು" ಅನ್ನೋ ಶಬ್ದನೇ ತೊಂದರೆ. ತೆಗೀಬೇಕಾದ್ರೆ ಅದು ಮೊದಲು ಅಲ್ಲಿರ್ಬೇಕು ತಾನೇ? ಇದನ್ನ ಕನ್ನಡದೋರಿಗೆ ಹೇಳೋದು ಕಷ್ಟ ಅಲ್ಲ, ಒಂದೇ ಸಾಲು ಪ್ರತಿಯಿಂದ ಪ್ರತಿಗೆ ಬೇರೆ ಇದ್ರೆ ನಮ್ಮಲ್ಲಿ ಪಾಠಾಂತರ ಅಂತಾರೆ, ಆಮೇಲೆ ಯಾರೋ ಸೇರಿಸಿದ್ದಕ್ಕೆ ಪ್ರಕ್ಷಿಪ್ತ ಅಂತಾರೆ. ವಚನಗಳನ್ನ ಸಂಪಾದಿಸೋರು ನಾಲ್ಕಾರು ಓಲೆಗರಿ ಕಟ್ಟು ಮುಂದಿಟ್ಕೊಂಡು, ಈ ಸಾಲು ಹಳೇ ಪ್ರತಿಯಲ್ಲಿಲ್ಲ, ಆಮೇಲಿನ ಲಿಪಿಕಾರ ಯಾರೋ ಸೇರಿಸಿರ್ಬೇಕು ಅಂತ ಅದನ್ನ ಕೆಳಗೆ ಟಿಪ್ಪಣಿಗೆ ಇಳಿಸ್ತಾರೆ, ಹಾಗಂತ ಬಸವಣ್ಣನ ಮಾತು ಕದ್ರು ಅಂತ ಯಾರೂ ಗಲಾಟೆ ಮಾಡಲ್ಲ. ಅದೇ ಕೆಲಸ ಇಲ್ಲೂ ನಡೆದಿದೆ. ನಿಮ್ಮ ಲೇಖನದಲ್ಲಿ ಪಾಠಾಂತರ ಅನ್ನೋ ಒಂದು ಶಬ್ದ ಬಂದಿದ್ರೂ ಸಾಕಿತ್ತು.

ಕಿಂಗ್ ಜೇಮ್ಸ್ ಅನುವಾದದ ಬೆನ್ನಿಗೆ ಇರೋ ಗ್ರೀಕ್ ಪಾಠ ಎಲ್ಲಿಂದ ಬಂತು ಅಂತ ನೀವು ಒಂದು ಮಾತೂ ಬರೆದಿಲ್ಲ. 1516ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಬಾಸೆಲ್‌ನಲ್ಲಿ (ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಊರು ಅದೇ) ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕಿಸ್ದ, ಆ ಪಾಠದ ಬೇರು ಅದೇ. ಬೈಬಲ್ಲಿನ ಕೊನೇ ಪುಸ್ತಕ ಪ್ರಕಟನೆಗೆ ಅವನ ಕೈಲಿದ್ದದ್ದು ಒಂದೇ ಹಸ್ತಪ್ರತಿ, ಅದರ ಕೊನೇ ಹಾಳೆ ಹೋಗಿತ್ತು. ಏನ್ ಮಾಡ್ದ? ಕೊನೇ ಆರು ವಾಕ್ಯಗಳನ್ನ ಲ್ಯಾಟಿನ್ ಬೈಬಲ್ಲಿಂದ ತಾನೇ ಗ್ರೀಕಿಗೆ ತಿರುಗಿಸಿ ತುಂಬಿಸ್ದ. ಅದರ ಗುರುತು ಇವತ್ತಿಗೂ ಕಾಣುತ್ತೆ, ಪ್ರಕಟನೆ 22:19 ನೋಡಿ, ಕಿಂಗ್ ಜೇಮ್ಸ್‌ನಲ್ಲಿ "ಜೀವದ ಪುಸ್ತಕ" ಅಂತಿದೆ, ಗ್ರೀಕ್ ಹಸ್ತಪ್ರತಿಗಳಲ್ಲಿರೋದು "ಜೀವವೃಕ್ಷ". ಆ ಅಧ್ಯಾಯದಲ್ಲಿ ಮೊದಲಿಂದ ಬರ್ತಿರೋದೂ ಮರದ ಮಾತೇ. ಇದರಿಂದ ಕಿಂಗ್ ಜೇಮ್ಸ್ ಕೆಟ್ಟದ್ದು ಅಂತಲ್ಲ, ಅದರ ಇಂಗ್ಲಿಷಿಗೆ ನಾನೂ ತಲೆಬಾಗ್ತೀನಿ. ಆದ್ರೆ 1611ರಲ್ಲಿ ಅನುವಾದ ಮಾಡಿದೋರೇ ಮುನ್ನುಡಿಯಲ್ಲಿ, ಅರ್ಥ ಖಚಿತ ಇಲ್ಲದ ಕಡೆ ಬೇರೆ ಅರ್ಥನೂ ಅಂಚಲ್ಲಿ ಕೊಟ್ಟಿದ್ದೀವಿ, ಬೇರೆ ಬೇರೆ ಅನುವಾದ ಇದ್ರೆ ಒಳ್ಳೇದೇ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಅವರ ಪರವಾಗಿ ಅವರೇ ಹೇಳದ ಮಾತನ್ನ ನೀವು ಹೇಳ್ತಿದ್ದೀರಿ.

ಹೊಸ ಅನುವಾದಗಳು ನೆಚ್ಚೋ ಹಳೇ ಗ್ರೀಕ್ ಪ್ರತಿಗಳಲ್ಲಿ ಒಂದಾದ, ಈಜಿಪ್ಟಿನ ಸಿನಾಯ್ ಮಠದ ಹಸ್ತಪ್ರತಿ ಕಸದ ಬುಟ್ಟೀಲಿ ಸಿಕ್ಕಿದ್ದು, ಹಾಗಾಗಿ ನಂಬೋ ಹಾಗಿಲ್ಲ ಅಂದಿದ್ದೀರಿ. 1844ರ ಆ ಬುಟ್ಟಿ ಕಥೆ ಹೇಳಿದ್ದು ಅದನ್ನ ಹೊರಗೆ ತಂದ ಜರ್ಮನ್ ವಿದ್ವಾಂಸ ಟಿಶೆಂಡಾರ್ಫ್ ಒಬ್ಬನೇ, ಮಠದೋರು ಅದನ್ನ ಒಪ್ಪಲ್ಲ. ಆ ಪ್ರತಿ ನಾಲ್ಕನೇ ಶತಮಾನದ್ದು, ಬೆಲೆ ಕಟ್ಟಬೇಕಾದ್ದು ಅದರೊಳಗಿರೋ ಪಾಠಕ್ಕೆ. ಆ ಪ್ಯಾರಾ ಪೂರ್ತಿ ತೆಗೀರಿ.

ಹಾಗಂತ ನಿಮ್ಮ ಅನುಮಾನ ಎಲ್ಲಾ ಪೊಳ್ಳು ಅಂತ ನಾನು ಹೇಳಲ್ಲ, ಗಟ್ಟಿ ಜಾಗ ಒಂದಿದೆ, ನೀವು ಅದನ್ನ ಮುಟ್ಟಿ ಹಾಗೇ ದಾಟಿ ಹೋಗಿದ್ದೀರಿ. ಹೊಸ ಒಡಂಬಡಿಕೆಯ ಪತ್ರಗಳಲ್ಲಿ ಪೌಲ ಪದೇಪದೇ ಬಳಸೋ "ಸಾರ್ಕ್ಸ್" ಅನ್ನೋ ಗ್ರೀಕ್ ಪದಕ್ಕೆ ಇರೋ ಅರ್ಥ ಮಾಂಸ, ಶರೀರ. ಹಳೇ ಎನ್‌ಐವಿ ಅದನ್ನ ಎಷ್ಟೋ ಕಡೆ "ಪಾಪ ಸ್ವಭಾವ" ಅಂತ ಮಾಡಿತ್ತು. ಅದು ಅನುವಾದಕರ ವ್ಯಾಖ್ಯಾನ, ಮೂಲದಲ್ಲಿರೋ ಪದ ಅಲ್ಲ. ಆಕ್ಷೇಪಣೆ ಬಂತು, 2011ರ ಆವೃತ್ತಿಲಿ ಬಹುಪಾಲು ಕಡೆ ಮತ್ತೆ ಶರೀರ ಅನ್ನೋ ಅರ್ಥದ ಪದಕ್ಕೇ ವಾಪಸ್ ಹೋದ್ರು. ಇದು ಜಗಳ ಆಡೋಕೆ ಯೋಗ್ಯವಾದ ವಿಷಯ! ಆದ್ರೆ ಪ್ರಾಮಾಣಿಕವಾಗಿ ಆಡ್ಬೇಕು ಅಂದ್ರೆ ನಮ್ಮ ಹಳೇ ಕನ್ನಡ ಬೈಬಲ್, ಸತ್ಯವೇದನೂ ತೆರೆದು ನೋಡಬೇಕಾಗುತ್ತೆ, ಗಲಾತ್ಯದವರಿಗೆ ಪೌಲ ಬರೆದ ಪತ್ರದಲ್ಲಿ ಅಲ್ಲಿರೋದು "ಶರೀರಭಾವ". ಆ "ಭಾವ" ಎಲ್ಲಿಂದ ಬಂತು? ಬರೀ ಶರೀರ ಅಂದ್ರೆ ಮೈಯೇ ಕೆಟ್ಟದ್ದು ಅಂತ ಓದುಗ ತಿಳ್ಕೊಂಡಾನು ಅನ್ನೋ ಆತಂಕ ಅದರಲ್ಲಿ ನನಗೆ ಕಾಣುತ್ತೆ. ನೀವು ನಂಬೋ ಹಳೇ ಅನುವಾದನೂ ಒಂದು ಅರ್ಥ ಆರಿಸ್ಕೊಂಡಿದೆ, ಚೆನ್ನಾಗಿ ಆರಿಸ್ಕೊಂಡಿದೆ ಅಂತ ನನ್ನ ಅಭಿಪ್ರಾಯ, ನೀವು ಒಪ್ಪದಿದ್ರೆ ಯಾಕೆ ಅಂತ ಬರೀರಿ. ಈ ಒಂದು ಪದದ ಮೇಲೆ ಎರಡು ಪುಟ ಬರೆದ್ರೆ ನಾನು ಓಡೋಡಿ ಬಂದು ಓದ್ತೀನಿ.

ಇನ್ನೊಂದು, ನಿಮ್ಮ ಕೊನೇ ಪ್ಯಾರಾ. ಚರ್ಚಲ್ಲಿ ಹೊಸ ಅನುವಾದ ಓದ್ದಾಗ ನಿಮ್ಮ ಅಜ್ಜಿ ತಲೆ ಎತ್ತದೆ, ಬಟ್ಟೇಲಿ ಸುತ್ತಿಟ್ಟ ಹಳೇ ಸತ್ಯವೇದನೇ ತೆರೆದು "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಮೆಲ್ಲಗೆ ತಾವೇ ಓದ್ಕೊಂಡ್ರು ಅಂತ ಬರೆದಿದ್ದೀರಲ್ಲ, ಇಡೀ ಲೇಖನದಲ್ಲಿ ನೀವು ಕಣ್ಣಾರೆ ಕಂಡಿದ್ದು ಅದೊಂದೇ, ಅದಕ್ಕೇ ಅದು ಅಷ್ಟು ಚೆನ್ನಾಗಿದೆ. "ಕೊರತೆಪಡೆನು" ಅಂತ ಇವತ್ತು ಯಾರೂ ಮಾತಾಡಲ್ಲ, ಆದ್ರೂ ಅರ್ಧ ಜೀವನ ಅದನ್ನೇ ಹೇಳ್ಕೊಂಡು ಸಾವು ನೋವು ದಾಟಿದೋರಿಗೆ "ನನಗೆ ಏನೂ ಕಡಿಮೆ ಇಲ್ಲ" ಅಂದ್ರೆ ಅದು ಬೇರೆ ಯಾರದೋ ಪ್ರಾರ್ಥನೆ ಥರ ಕೇಳುತ್ತೆ. ಅಜ್ಜಿಗೆ ಹಸ್ತಪ್ರತಿ ಜಗಳ ಬೇಕಿಲ್ಲ. ಅವರು ಕಳ್ಕೊಂಡಿದ್ದೇ ಬೇರೆ, ಅದನ್ನ ಪಿತೂರಿ ಲೆಕ್ಕಕ್ಕೆ ಸೇರಿಸಿ ನೀವು ಸಣ್ಣದು ಮಾಡಿಬಿಟ್ಟಿದ್ದೀರಿ.

ಅಜ್ಜಿಯಿಂದಲೇ ಶುರು ಮಾಡಿ. ಪಟ್ಟಿ ಬೇಡ. ಅವರ ಸತ್ಯವೇದ ಯಾವ ವರ್ಷದ ಮುದ್ರಣ, ಯಾವ ಪುಟಗಳು ಜಾಸ್ತಿ ಸವೆದಿವೆ, ಅಂಚಲ್ಲಿ ಪೆನ್ಸಿಲ್‌ನಲ್ಲಿ ಏನಾದ್ರೂ ಬರ್ಕೊಂಡಿದ್ದಾರಾ, ಅವರ ಪಕ್ಕ ಕೂತು ಕೇಳಿ ನೋಡಿ. 1,200 ಪದ ಮೀರದ ಹಾಗೆ ಇನ್ನೊಂದ್ಸಲ ಕಳಿಸಿ, ಕಾಯ್ತಿರ್ತೀನಿ.