ಫೋನಿಗೆ ಹೊಸ ಓಎಸ್: ‘ಅನುಮತಿ ಇಲ್ಲ’ ಎನ್ನುತ್ತಿರುವುದು ಯಾರು?

ಪ್ರಶ್ನೆ: ಮಾನ್ಯರೇ, ನನ್ನ ಹಳೆಯ ಫೋನಿಗೆ ಕಂಪನಿಯ ಅಪ್‌ಡೇಟ್ ನಿಂತು ಬಹಳ ಕಾಲವಾಯಿತು. ಅದಕ್ಕೆ ಆಂಡ್ರಾಯ್ಡ್ ಆಧಾರಿತ ಉಚಿತ ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಆದ ಲಿನಿಯೇಜ್‌ಓಎಸ್ ಹಾಕಲು, ಲಿನಕ್ಸ್‌ನ ಒಂದು ರೂಪವಾದ ಉಬುಂಟು ಇರುವ ಲ್ಯಾಪ್‌ಟಾಪಿಗೆ ಜೋಡಿಸಿದ್ದೇನೆ. ಫೋನ್ ಎಂದಿನಂತೆ ಆನ್ ಆಗಿರುವಾಗ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ತಂತ್ರಾಂಶ) ಅದನ್ನು ಗುರುತಿಸುತ್ತದೆ; ಫಾಸ್ಟ್‌ಬೂಟ್‌ಗೆ (ಓಎಸ್ ಶುರುವಾಗುವ ಮೊದಲೇ ಫೋನಿಗೆ ಫೈಲುಗಳನ್ನು ಬರೆಯುವ ಸ್ಥಿತಿ) ಹೋದೊಡನೆ ‘ನೋ ಪರ್ಮಿಷನ್ಸ್’ ಎಂದು ಬರುತ್ತದೆ. ‘ಸುಡೊ’ (ನಿರ್ವಾಹಕನ ಅಧಿಕಾರದಿಂದ ಆದೇಶ ನಡೆಸುವ ಪದ) ಸೇರಿಸಿದರೆ ಫಾಸ್ಟ್‌ಬೂಟ್ ನಡೆಯುತ್ತದೆ. ಆದರೆ ಎಡಿಬಿಯನ್ನೂ ಹಾಗೆಯೇ ಓಡಿಸಿದಾಗ ‘ಅನ್‌ಆಥರೈಸ್ಡ್’ ಎನ್ನುತ್ತದೆ. ದೋಷ ಫೋನಿನದೋ, ಲ್ಯಾಪ್‌ಟಾಪಿನದೋ?
– ಓದುಗರು, ಮಂಡ್ಯ

ಉತ್ತರ: ಎರಡೂ ಸಂದೇಶಗಳು ಒಂದೇ ಬಗೆಯವಾಗಿ ಕಂಡರೂ ಮೊದಲನೆಯದನ್ನು ಕೊಡುತ್ತಿರುವುದು ನಿಮ್ಮ ಲ್ಯಾಪ್‌ಟಾಪ್, ಎರಡನೆಯದರ ಹಿಂದಿರುವುದು ಫೋನ್. ಯಾರು ತಡೆಯುತ್ತಿದ್ದಾರೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳದೆ ಎಲ್ಲದಕ್ಕೂ ಸುಡೊ ಹಾಕುತ್ತ ಹೋದರೆ ತೊಡಕು ಹೆಚ್ಚುತ್ತದೆಯೇ ಹೊರತು ಬಗೆಹರಿಯುವುದಿಲ್ಲ.

ಲಿನಕ್ಸ್‌ನಲ್ಲಿ ಯುಎಸ್‌ಬಿಗೆ ಜೋಡಿಸಿದ ಸಾಧನಕ್ಕೆ ಬರೆಯುವ ಹಕ್ಕು ಸಾಮಾನ್ಯ ಬಳಕೆದಾರನಿಗೆ ತಾನಾಗಿ ಸಿಗುವುದಿಲ್ಲ. ಯಾವ ಕಂಪನಿಯ ಸಾಧನವನ್ನು ಯಾವ ಗುಂಪಿನವರು ಬಳಸಬಹುದು ಎಂಬುದನ್ನು ಯುಡೆವ್ ನಿಯಮಗಳು ತೀರ್ಮಾನಿಸುತ್ತವೆ. ಈ ನಿಯಮಗಳು ಸಾಧನವನ್ನು ಗುರುತಿಸುವುದು ಅದರ ಯುಎಸ್‌ಬಿ ಸಂಖ್ಯೆಯಿಂದ. ಫೋನ್ ಫಾಸ್ಟ್‌ಬೂಟ್‌ಗೆ ಹೋದಾಗ ಆ ಸಂಖ್ಯೆಯೇ ಬದಲಾಗಬಹುದು. ಉದಾಹರಣೆಗೆ, ಶಿಯೋಮಿ ಫೋನು ಎಂದಿನ ಸ್ಥಿತಿಯಲ್ಲಿ 2717 ಎಂಬ ಸಂಖ್ಯೆಯನ್ನು ತೋರಿಸಿದರೆ, ಫಾಸ್ಟ್‌ಬೂಟ್‌ನಲ್ಲಿ ಅನೇಕ ಕಂಪನಿಗಳ ಫೋನುಗಳು ಗೂಗಲ್‌ಗೆ ಸೇರಿದ 18ಡಿ1 ಎಂಬುದನ್ನು ತೋರಿಸುತ್ತವೆ. ಎಡಿಬಿ ನಡೆದು ಫಾಸ್ಟ್‌ಬೂಟ್ ನಿಲ್ಲುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಎರಡೂ ಸ್ಥಿತಿಗಳಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಟ್ಟು ಸಂಖ್ಯೆಗಳನ್ನು ಹೋಲಿಸಿ ನೋಡಿದರೆ ನಿಮಗೇ ತಿಳಿಯುತ್ತದೆ.

ಪರಿಹಾರ ಸುಲಭವಾಗಿದೆ. ಉಬುಂಟುವಿನ ಭಂಡಾರದಲ್ಲಿರುವ ‘ಆಂಡ್ರಾಯ್ಡ್-ಎಸ್‌ಡಿಕೆ-ಪ್ಲಾಟ್‌ಫಾರ್ಮ್-ಟೂಲ್ಸ್-ಕಾಮನ್’ ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ. ಸಿದ್ಧ ನಿಯಮಗಳು ಅದರಲ್ಲಿವೆ. ನಿಮ್ಮ ಬಳಕೆದಾರ ಹೆಸರು ‘ಪ್ಲಗ್‌ಡೆವ್’ ಗುಂಪಿನಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಿ. ಗುಂಪಿಗೆ ಸೇರಿಸಿದ ಮಾತ್ರಕ್ಕೆ ಆಗಲೇ ತೆರೆದಿರುವ ಟರ್ಮಿನಲ್‌ಗೆ ಅದು ತಿಳಿಯುವುದಿಲ್ಲ. ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಲೇಬೇಕು. ಈ ಒಂದು ಹೆಜ್ಜೆಯನ್ನು ಬಿಟ್ಟು ‘ನಿಯಮ ಹಾಕಿದರೂ ಆಗಲಿಲ್ಲ’ ಎಂದು ಕೈಚೆಲ್ಲುವವರು ಬಹಳ. ಅನಂತರ ಕೇಬಲ್ ಕಿತ್ತು ಮತ್ತೆ ಚುಚ್ಚಿ.

ಇನ್ನು ‘ಅನ್‌ಆಥರೈಸ್ಡ್’ ವಿಷಯ. ಆಂಡ್ರಾಯ್ಡ್ 4.2.2ರಿಂದ ಈಚೆಗೆ ಪ್ರತಿಯೊಂದು ಕಂಪ್ಯೂಟರಿನ ಕೀಲಿಯನ್ನೂ (ಅದರ ಗುರುತಿನ ಫೈಲ್) ಫೋನಿನ ಪರದೆಯ ಮೇಲೆ ನೀವೇ ಒಪ್ಪಬೇಕು. ಆ ಕೀಲಿ ನಿಮ್ಮ ಹೋಮ್ ಫೋಲ್ಡರಿನೊಳಗಿನ ‘.ಆಂಡ್ರಾಯ್ಡ್’ ಎಂಬ ಅಡಗಿದ ಫೋಲ್ಡರಿನಲ್ಲಿರುತ್ತದೆ. ಸುಡೊ ಮೂಲಕ ಎಡಿಬಿ ಸರ್ವರ್ (ಹಿನ್ನೆಲೆಯಲ್ಲಿ ನಡೆಯುವ ಅದರ ಭಾಗ) ಶುರುವಾದರೆ ಅದು ರೂಟ್ (ನಿರ್ವಾಹಕ) ಬಳಕೆದಾರನ ಬೇರೆ ಕೀಲಿಯನ್ನು ಒಯ್ಯುತ್ತದೆ. ಫೋನಿಗೆ ಅದು ಅಪರಿಚಿತ. ಆದ್ದರಿಂದ ಸುಡೊದಿಂದಲೇ ಒಮ್ಮೆ ‘ಎಡಿಬಿ ಕಿಲ್-ಸರ್ವರ್’ ಕೊಟ್ಟು, ಸುಡೊ ಇಲ್ಲದೆ ಮತ್ತೆ ಆರಂಭಿಸಿ. ಆಗಲೂ ಸರಿಹೋಗದಿದ್ದರೆ ಕೀಲಿಯ ಫೈಲಿನ ಒಡೆತನ ರೂಟ್‌ಗೆ ಹೋಗಿದೆಯೇ ಎಂದು ಪರೀಕ್ಷಿಸಿ ನಿಮ್ಮ ಹೆಸರಿಗೆ ಮರಳಿಸಿ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಒಪ್ಪಿಗೆಗಳನ್ನು ರದ್ದುಪಡಿಸಿ ಹೊಸದಾಗಿ ಒಪ್ಪುವುದೂ ಒಳ್ಳೆಯದು.

ಪ್ರಶ್ನೆ: ನನ್ನ ಫೋನ್ ಫಾಸ್ಟ್‌ಬೂಟ್‌ನಲ್ಲಿ ಸರಿಯಾಗಿ ಕಾಣುತ್ತದೆ, ಆದರೆ ರಿಕವರಿ (ಹೊಸ ಓಎಸ್ ಹಾಕಲು ಬೇಕಾದ ಸಣ್ಣ ವ್ಯವಸ್ಥೆ) ಹಾಕುವಾಗ ‘ಫ್ಲ್ಯಾಶಿಂಗ್ ಈಸ್ ನಾಟ್ ಅಲೌಡ್ ಇನ್ ಲಾಕ್ ಸ್ಟೇಟ್’ (ಲಾಕ್ ಇರುವಾಗ ಬರೆಯುವಂತಿಲ್ಲ) ಎನ್ನುತ್ತದೆ. ಇಲ್ಲಿನ ರಿಪೇರಿ ಅಂಗಡಿಯೊಂದರವರು ಹಣ ಮತ್ತು ಖಾತೆಯ ಪಾಸ್‌ವರ್ಡ್ ಕೊಟ್ಟರೆ ಲಾಕ್ ತೆಗೆಯುವುದಾಗಿ ಹೇಳುತ್ತಾರೆ. ಕೊಡಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ದಯವಿಟ್ಟು ಪಾಸ್‌ವರ್ಡ್ ಕೊಡಬೇಡಿ. ಇಲ್ಲಿ ಲ್ಯಾಪ್‌ಟಾಪಿನ ಪಾತ್ರವೇನೂ ಇಲ್ಲ, ಸುಡೊ ಆಗಲಿ ಯುಡೆವ್ ಆಗಲಿ ನೆರವಾಗುವುದಿಲ್ಲ, ತಡೆಯುತ್ತಿರುವುದು ಬೂಟ್‌ಲೋಡರ್, ಅಂದರೆ ಫೋನ್ ಆನ್ ಆದಾಗ ಓಎಸ್ ಅನ್ನು ಶುರುಮಾಡುವ ತಂತ್ರಾಂಶ. ಡೆವಲಪರ್ ಆಯ್ಕೆಗಳಲ್ಲಿ ‘ಓಇಎಂ ಅನ್‌ಲಾಕಿಂಗ್’ ಅನ್ನು ಆನ್ ಮಾಡಿ, ತಯಾರಕರು ಹೇಳಿದ ಕ್ರಮದಲ್ಲಿ ನೀವೇ ಅನ್‌ಲಾಕ್ ಮಾಡಬೇಕು. ಆ ಆಯ್ಕೆ ಮಸುಕಾಗಿದ್ದರೆ ಫೋನನ್ನು ಇಂಟರ್‌ನೆಟ್‌ಗೆ ಜೋಡಿಸಿ ನೋಡಿ. ಗೂಗಲ್‌ನ ಪಿಕ್ಸೆಲ್‌ ಫೋನಿನಲ್ಲಿ ಒಂದು ಆದೇಶ ಕೊಟ್ಟು ಫೋನಿನ ಗುಂಡಿಯಿಂದ ಒಪ್ಪಿದರೆ ಸಾಕು. ಶಿಯೋಮಿಯಲ್ಲಿ ಕಂಪನಿಯ ಖಾತೆಯನ್ನು ಜೋಡಿಸಿ ಕಾಯಬೇಕಾಗುತ್ತದೆ. ಅನೇಕ ಫೋನುಗಳಿಗೆ ಈ ಅವಧಿ 168 ಗಂಟೆ. ಅನ್‌ಲಾಕ್‌ಗೆ ಅವಕಾಶವನ್ನೇ ಕೊಡದ ಫೋನುಗಳೂ ಇವೆ. ಅಂಥ ಫೋನ್ ನಿಮ್ಮದಾಗಿದ್ದರೆ ಈ ಯೋಚನೆಯನ್ನು ಕೈಬಿಡುವುದೇ ಲೇಸು.

ಅನ್‌ಲಾಕ್ ಆದೊಡನೆ ಫೋನಿನಲ್ಲಿರುವ ಫೋಟೊ, ಸಂದೇಶ, ಸಂಪರ್ಕ ಎಲ್ಲವೂ ಅಳಿಸಿಹೋಗುತ್ತವೆ. ಆದ್ದರಿಂದ ಬ್ಯಾಕಪ್ ಮಾಡಿಕೊಂಡು, ಅದನ್ನು ಬೇರೊಂದು ಸಾಧನದಲ್ಲಿ ತೆರೆದು ನೋಡಿದ ಮೇಲಷ್ಟೇ ಮುಂದುವರಿಯಿರಿ. ಕೆಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಅನ್‌ಲಾಕ್ ಆದ ಫೋನಿನಲ್ಲಿ ನಡೆಯಲು ನಿರಾಕರಿಸುವುದರಿಂದ, ದಿನವೂ ಹಣ ಪಾವತಿಗೆ ಇದೊಂದೇ ಫೋನಿದ್ದರೆ ಇನ್ನೊಮ್ಮೆ ಯೋಚಿಸಿ. ಆ ಆ್ಯಪ್‌ಗಳಿಗಾಗಿ, ಹೊಸ ಓಎಸ್ ಹಾಕಿದ ಮೇಲೆ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡುವ ಪ್ರಯತ್ನವನ್ನು ಮಾತ್ರ ಮಾಡಬೇಡಿ. ಆ ಓಎಸ್ ಅದಕ್ಕೆಂದೇ ಸಿದ್ಧವಾಗಿರದಿದ್ದರೆ ಫೋನ್ ಆನ್ ಆಗುವುದೇ ನಿಂತುಹೋಗಬಹುದು.