ಸೀರೆಯ ಲೆಕ್ಕದಲ್ಲಿ ಬಿಟ್ಟುಹೋದ ಕೂಲಿ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯಲಾಗಿದೆ.)

ಉಡುಪಿ ಜಿಲ್ಲೆಯ ಈ ಯುವತಿ ವಸ್ತ್ರವಿನ್ಯಾಸ ಕಲಿತು, ಬೆಂಗಳೂರಿನ ಸಿದ್ಧ ಉಡುಪು ರಫ್ತು ಕಂಪನಿಯೊಂದರಲ್ಲಿ ಕೆಲವು ವರ್ಷ ದುಡಿದು, ಅಲ್ಲಿ ರಾಶಿ ಬೀಳುತ್ತಿದ್ದ ಬಟ್ಟೆಯ ವ್ಯರ್ಥವನ್ನು ಕಂಡು ಬೇಸತ್ತು ಊರಿಗೆ ಮರಳಿದವರು. ನೇಕಾರರ ಸಹಕಾರಿ ಸಂಘವೊಂದರ ಜೊತೆ ಸೇರಿ ಕೈಮಗ್ಗದ ಉಡುಪಿ ಸೀರೆಗೆ ಹೊಸ ಅಂಚು, ಹೊಸ ಸೆರಗು ಮಾಡಿಸುತ್ತಿದ್ದರು. ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಗಳಿಂದ ನೂಲಿಗೆ ಬಣ್ಣ ಕಟ್ಟಿಸುತ್ತಿದ್ದರು. ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದದ್ದು ನಿದ್ದೆ ಬಾರದೆಂಬ ದೂರಿನೊಂದಿಗೆ. ಮಳೆಗಾಲದಲ್ಲಿ ಬಣ್ಣ ಹಾಕಿದ ನೂಲು ಒಣಗದೆ ಒಂದು ಆರ್ಡರ್ ತಡವಾಗಿತ್ತು, ಉಳಿತಾಯ ಕರಗುತ್ತಿತ್ತು. ತಂದೆ ಜಗಳವಾಡುವವರಲ್ಲ, ಬೆಂಗಳೂರಿನ ಕೆಲಸದ ಸುದ್ದಿ ಬಂದಾಗಲೆಲ್ಲ ಊಟದಿಂದ ಎದ್ದುಹೋಗುತ್ತಿದ್ದರಂತೆ.

ಮೊದಲೆರಡು ಭೇಟಿಗಳಲ್ಲಿ ಆಕೆ ತನ್ನ ಬಗ್ಗೆ ಹೇಳಿದ್ದು ಅಲ್ಪ. ಮಗ್ಗದಲ್ಲಿ ಕೂರುವವರು ಹೆಚ್ಚಾಗಿ ವಯಸ್ಸಾದವರು, ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ತಾನು ಬಿಟ್ಟರೆ ಎಲ್ಲವೂ ನಿಂತೇಹೋಗುತ್ತದೆ ಎಂಬುದೇ ಮಾತಿನ ತುಂಬ ಇತ್ತು. ಸೀರೆಯ ಬೆಲೆಯನ್ನು ಬಿಡಿಸಿ ಬರೆಯಲು ನಾನು ಕೇಳಿದೆ. ನೂಲು, ಬಣ್ಣ, ಬಣ್ಣ ಹಿಡಿಸುವ ಪಟಿಕ, ನೇಯ್ಗೆಯ ಕೂಲಿ, ಸಾಗಾಟ, ಸಂಘದ ಪಾಲು ಎಲ್ಲವೂ ಅಚ್ಚುಕಟ್ಟಾಗಿ ಬಂದವು. ವಿನ್ಯಾಸಕಿಯ ಕೂಲಿ ಬರಲಿಲ್ಲ. ಅದನ್ನು ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಘದ ಹಿರಿಯ ನೇಕಾರ್ತಿಯೊಬ್ಬರು "ನಿನಗೆ ಸಂಬಳ ಯಾರು ಕೊಡುತ್ತಾರೆ ಮಗಾ?" ಎಂದು ಕೇಳಿದ್ದನ್ನೂ, ತಾನು ನಕ್ಕು ಮಾತು ಮರೆಸಿದ್ದನ್ನೂ ಹೇಳಿದರು.

ಕೂಲಿ ಕೇಳಿದರೆ ನೇಕಾರರ ತಟ್ಟೆಗೆ ಕೈ ಹಾಕಿದಂತೆ ಎಂಬ ಅಪರಾಧಭಾವ ಇದರ ಹಿಂದಿತ್ತು. ನನ್ನ ಅಭಿಪ್ರಾಯದಲ್ಲಿ ಇದು ಸೇವಾಭಾವದ ವೇಷ ತೊಟ್ಟ ಹೊರೆ, ಮತ್ತು ಕರಕುಶಲ ಕ್ಷೇತ್ರಕ್ಕೆ ಬರುವ ವಿದ್ಯಾವಂತ ಯುವಜನರಲ್ಲಿ ಇದನ್ನು ಯಾರೂ ಕಾಯಿಲೆಯ ಮೂಲವೆಂದು ಶಂಕಿಸುವುದಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯು ಸೀರೆಯೂ ಸೇರಿದಂತೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟರೂ ವಿದ್ಯುತ್ ಮಗ್ಗದ ಪೈಪೋಟಿ ನಿಲ್ಲಲಿಲ್ಲ. ಕಾನೂನಿಗೂ ಆಗದ್ದನ್ನು ನಿದ್ದೆಗೆಟ್ಟು ತಾವೊಬ್ಬರೇ ಮಾಡಬೇಕೆಂದು ಏಕೆ ಭಾವಿಸಿದ್ದೀರಿ ಎಂದು ಕೇಳಿದೆ. ಪರಂಪರೆಯನ್ನು ತಾನು ಕೆಡಿಸುತ್ತಿರಬಹುದೆಂಬ ಅಳುಕೂ ಆಕೆಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಗ್ಗ ಎಳೆದರೆ ಲಾಳಿ ತಾನೇ ಓಡುವ ಮಗ್ಗ ತಂದಾಗಲೂ ಕರಾವಳಿಯ ನೇಯ್ಗೆ ಬದಲಾಗಿಯೇ ಮುಂದುವರಿದಿತ್ತೆಂದು ನೆನಪಿಸಿದ್ದು ಇದಕ್ಕಾಗಿಯೇ.

ಸಲಹೆಗಳು ಕೆಲವೇ ಇದ್ದವು. ನಿದ್ರಾಹೀನತೆಗೆ ಮೊದಲು ವೈದ್ಯರನ್ನು ಕಾಣಬೇಕು. ಸೀರೆಯ ಬೆಲೆಯಲ್ಲಿ ವಿನ್ಯಾಸದ ಕೂಲಿಯನ್ನು ಪ್ರತ್ಯೇಕ ಸಾಲಾಗಿ ಸೇರಿಸಿ, ಸಂಘದ ಸಭೆಯಲ್ಲಿ ಎಲ್ಲರೆದುರು ಓದಿ ಹೇಳಬೇಕು. ಗುಟ್ಟಾಗಿ ಸೇರಿಸಿದರೆ ಅಪರಾಧಭಾವ ಇನ್ನಷ್ಟು ಬೆಳೆಯುತ್ತದೆ. ಸಹಜ ಬಣ್ಣದ ಆರ್ಡರುಗಳನ್ನು ಮಳೆಗಾಲಕ್ಕೆ ಒಪ್ಪಿಕೊಳ್ಳಬಾರದು. ಉಳಿತಾಯದ ಎಷ್ಟು ಭಾಗವನ್ನು ಮುಟ್ಟುವುದಿಲ್ಲ ಎಂಬುದನ್ನು ಈಗಲೇ ನಿರ್ಧರಿಸಿ, ಆ ಗಡಿ ತಲುಪಿದರೆ ಅರೆಕಾಲಿಕ ಕೆಲಸ ಹುಡುಕಬೇಕು, ಅದನ್ನು ಸೋಲೆಂದು ಎಣಿಸಬಾರದು. ಇದೇ ಲೆಕ್ಕದ ಹಾಳೆಯನ್ನು ತಂದೆಯ ಮುಂದಿಡಲು ಹೇಳಿದೆ, ಏಕೆಂದರೆ ಅವರ ಕೋಪಕ್ಕಿಂತ ಮಗಳ ನಾಳೆಯ ಕುರಿತು ಅವರಿಗಿದ್ದ ಭಯವೇ ದೊಡ್ಡದೆಂದು ನನಗೆ ಅನಿಸಿತ್ತು.

ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಇಷ್ಟು ಕಡಿಮೆಯೇಕೆ ಎಂದೇ ಒಬ್ಬರು ಕೇಳಿದರಂತೆ. ಬೆಲೆ ಏರಿದ್ದರಿಂದ ಒಂದು ಅಂಗಡಿ ಖರೀದಿ ನಿಲ್ಲಿಸಿದೆ. ಈಗ ಆಕೆ ವಾರದಲ್ಲಿ ಎರಡು ದಿನ ಮಂಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ, ನಿದ್ದೆ ಬಹುಪಾಲು ಸರಿಯಾಗಿದೆ. ತಂದೆ ಹಾಳೆಯನ್ನು ಓದಿ, ಸಾಗಾಟದ ಖರ್ಚು ಹೆಚ್ಚಾಯಿತೆಂದು ತಿದ್ದಿದ್ದಾರೆ. ಮದುವೆಯ ಪ್ರಸ್ತಾಪದ ಕುರಿತ ಮಾತುಕತೆಯನ್ನು ಮುಂದಿನ ಭೇಟಿಗೆ ಉಳಿಸಿಕೊಂಡಿದ್ದೇವೆ.